ಬಯೋಆರ್ಕೈವ್: ಓದಲು ಪುಕ್ಕಟೆ, ಪಾಠದ ಟಿಪ್ಪಣಿಗೆ ಅಪ್ಪಣೆ ಬೇಕು

ಮಲ್ಲೇಶ್ವರದ ಖಾಸಗಿ ಕಾಲೇಜೊಂದರ ಎಂ.ಎಸ್ಸಿ. ವಿದ್ಯಾರ್ಥಿಗಳಿಗೆ ಕೋಶವಿಜ್ಞಾನ ಕಲಿಸುವ ನಾನು ಬಯೋಆರ್ಕೈವ್ ತಾಣವನ್ನು ಹಲವು ವರ್ಷಗಳಿಂದ ಬಳಸುತ್ತಿದ್ದೇನೆ. ದುಬಾರಿ ಜರ್ನಲ್‌ಗಳಿಗೆ ಚಂದಾ ಕಟ್ಟುವ ಶಕ್ತಿ ನಮ್ಮ ಗ್ರಂಥಾಲಯಕ್ಕಿಲ್ಲ; 2025ರ ಜನವರಿಯಲ್ಲಿ ಶುರುವಾದ ‘ಒಂದು ರಾಷ್ಟ್ರ ಒಂದು ಚಂದಾ’ ಯೋಜನೆಯ ಮೊದಲ ಹಂತ ಸರ್ಕಾರಿ ಸಂಸ್ಥೆಗಳಿಗೆ ಮೀಸಲಾದ್ದರಿಂದ ಅದೂ ನಮಗೆ ದಕ್ಕಲಿಲ್ಲ. ಹೀಗಾಗಿ ಅಮೆರಿಕದ ಕೋಲ್ಡ್ ಸ್ಪ್ರಿಂಗ್ ಹಾರ್ಬರ್ ಪ್ರಯೋಗಾಲಯ 2013ರಲ್ಲಿ ಆರಂಭಿಸಿದ ಈ ಪ್ರಿಪ್ರಿಂಟ್ ತಾಣವೇ, ಅಂದರೆ ಜೀವವಿಜ್ಞಾನದ ಪ್ರಬಂಧಗಳನ್ನು ಜರ್ನಲ್‌ನಲ್ಲಿ ಅಚ್ಚಾಗುವ ಮೊದಲೇ ಲೇಖಕರು ಹಾಕುವ ತಾಣವೇ, ನಮಗೆ ಆಸರೆ.

ಸಂಪಿಗೆ ರಸ್ತೆಯತ್ತ ಸಾಗುವ ಮೆಟ್ರೊದಲ್ಲಿ ಅಲರ್ಟ್ ಇಮೇಲ್ ತೆರೆದು, ಶೀರ್ಷಿಕೆಗಳ ಮೇಲೆ ಕಣ್ಣಾಡಿಸಿ, ಸಾರಾಂಶಕ್ಕೂ ಮೊದಲು ಚಿತ್ರಗಳನ್ನು ನೋಡುವುದು ನನ್ನ ರೂಢಿ. (ಚಿತ್ರಗಳನ್ನೆಲ್ಲ ಪಿಡಿಎಫ್‌ನ ಕೊನೆಗೆ ತಳ್ಳುವ ಲೇಖಕರಿಗೆ ಮೊಬೈಲಿನಲ್ಲಿ ಓದುವವರ ಪಾಡು ಗೊತ್ತಿದ್ದಂತಿಲ್ಲ.) ಪಿಯರ್ ರಿವ್ಯೂ, ಅಂದರೆ ಅದೇ ಕ್ಷೇತ್ರದ ಬೇರೆ ತಜ್ಞರ ಪರಿಶೀಲನೆ, ಆಗದ ಬರಹಗಳಿವು ಎಂಬ ಎಚ್ಚರ ಬೇಕು, ನಿಜ. ಆದರೆ ಹಳೆಯ ಆವೃತ್ತಿಗಳೆಲ್ಲ ಅಲ್ಲೇ ಉಳಿಯುವುದರಿಂದ, ಮೊದಲ ಆವೃತ್ತಿಯನ್ನೂ ಕೊನೆಯದನ್ನೂ ಪಕ್ಕಪಕ್ಕ ಇಟ್ಟು, ಎಲ್ಲಿ ಹೊಸ ನಿಯಂತ್ರಣ ಪ್ರಯೋಗ ಸೇರಿದೆ, ಎಲ್ಲಿ ವಾದ ಮೆತ್ತಗಾಗಿದೆ ಎಂದು ತರಗತಿಯಲ್ಲಿ ತೋರಿಸಬಹುದು. ವಿಜ್ಞಾನ ತಿದ್ದಿಕೊಳ್ಳುವ ಬಗೆಯನ್ನು ಯಾವ ಪಠ್ಯಪುಸ್ತಕವೂ ಇಷ್ಟು ಚೆನ್ನಾಗಿ ಕಲಿಸಿದ್ದನ್ನು ನಾನು ಕಂಡಿಲ್ಲ.

ತಕರಾರು ಇರುವುದು ಪರವಾನಗಿಯಲ್ಲಿ. ಕನ್ನಡ ಮಾಧ್ಯಮದಿಂದ ಬಂದ ವಿದ್ಯಾರ್ಥಿಗಳಿಗಾಗಿ, ಚಿತ್ರಗಳ ಭಾಗಗಳಿಗೆ ಕನ್ನಡದ ಹೆಸರು ಬರೆದ ಟಿಪ್ಪಣಿ ತಯಾರಿಸಿ ಹಂಚುವುದು ನನ್ನ ಪದ್ಧತಿ. ಪಾಠಕ್ಕೆ ಹೇಳಿ ಮಾಡಿಸಿದಂತಹ ಚಿತ್ರ ಸಿಕ್ಕಿತೆಂದು ಹಿಗ್ಗುವಷ್ಟರಲ್ಲಿ, ಅನುಮತಿಯಿಲ್ಲದೆ ಮರುಬಳಕೆ ಮಾಡುವಂತಿಲ್ಲ ಎಂಬ ಸಾಲು ಪುಟದ ನೆತ್ತಿಯ ಮೇಲೆ ಸಣ್ಣ ಅಕ್ಷರಗಳಲ್ಲಿ ಕಾಣಿಸುತ್ತದೆ. ಲೇಖಕರಿಗೆ ಬರೆದರೆ ಉತ್ತರ ಬರುವುದು ಅಪರೂಪ. ಪರವಾನಗಿಯ ಆಯ್ಕೆಯನ್ನು ತಾಣವು ಲೇಖಕರಿಗೇ ಬಿಟ್ಟಿರುವುದರಿಂದ, ಲೇಖಕರ ಹೆಸರು ಹೇಳಿ ಯಾರು ಬೇಕಾದರೂ ಮರುಬಳಸಬಹುದಾದ ಸಿಸಿ ಬೈ ಪರವಾನಗಿಯುಳ್ಳ ಪ್ರಬಂಧದ ಪಕ್ಕದಲ್ಲೇ ಬೀಗ ಹಾಕಿದ ಪ್ರಬಂಧವೂ ಇರುತ್ತದೆ. ಗೇಟ್ಸ್ ಫೌಂಡೇಶನ್ 2025ರಿಂದ ತಾನು ಹಣ ಕೊಟ್ಟ ಸಂಶೋಧನೆಯ ಪ್ರಿಪ್ರಿಂಟ್‌ಗಳಿಗೆ ಸಿಸಿ ಬೈ ಅಥವಾ ಅದಕ್ಕೆ ಸಮನಾದ ಪರವಾನಗಿಯನ್ನು ಕಡ್ಡಾಯಗೊಳಿಸಿದೆ. ಸಾರ್ವಜನಿಕರ ತೆರಿಗೆಯಿಂದ ನಡೆಯುವ ಸಂಶೋಧನೆಗೂ ಅದೇ ನಿಯಮ ಏಕಿರಬಾರದು?

ಸದ್ಯಕ್ಕೆ ಓದಿಗೆ ಬಯೋಆರ್ಕೈವ್, ಟಿಪ್ಪಣಿಯ ಚಿತ್ರಗಳಿಗೆ ಸಿಸಿ ಬೈ ಅನುಸರಿಸುವ ಈಲೈಫ್ ಜರ್ನಲ್ ಮತ್ತು ಪ್ಲಾಸ್ ಪ್ರಕಾಶನದ ಜರ್ನಲ್‌ಗಳು ಎಂದು ಹಂಚಿಕೊಂಡಿದ್ದೇನೆ. ಈಲೈಫ್ 2023ರಿಂದ ಪ್ರಿಪ್ರಿಂಟ್ ಜೊತೆಗೇ ಪರಿಶೀಲಕರ ಅಭಿಪ್ರಾಯಗಳನ್ನೂ ಪ್ರಕಟಿಸುತ್ತಿರುವುದರಿಂದ, ಈಗ ವಿದ್ಯಾರ್ಥಿಗಳು ಪ್ರಬಂಧಕ್ಕಿಂತ ಮೊದಲು ಅವನ್ನೇ ಓದುತ್ತಾರೆ.