ವಾಟ್ಸಾಪ್, ವರ್ಷಗಳ ಬಳಕೆಯ ನಂತರ: ಮಾತಿಗೆ ಬೀಗವಿದೆ, ಉಳಿದದ್ದಕ್ಕೆ ಇಲ್ಲ
ರೇಟಿಂಗ್: 5ಕ್ಕೆ 3

2016ರಿಂದ ವಾಟ್ಸಾಪ್‌ನ ವೈಯಕ್ತಿಕ ಚಾಟ್‌ಗಳೆಲ್ಲ ಎಂಡ್-ಟು-ಎಂಡ್ ಎನ್‌ಕ್ರಿಪ್ಟ್ ಆಗಿವೆ. ಕಳಿಸಿದ ಸಂದೇಶವನ್ನು ದಾರಿಯಲ್ಲಿ ಕಂಪನಿಯೂ ಓದಲಾರದು. ಇದು ನಿಜಕ್ಕೂ ದೊಡ್ಡ ಗುಣ, ಮೂರು ಅಂಕ ಕೊಟ್ಟಿರುವುದೂ ಇದಕ್ಕೇ. ಆದರೆ ಯಾರು ಯಾರ ಜೊತೆ, ಯಾವ ಹೊತ್ತಿನಲ್ಲಿ, ಎಷ್ಟು ಸಲ ಸಂಪರ್ಕದಲ್ಲಿದ್ದಾರೆ ಎಂಬ ವಿವರಕ್ಕೆ ಈ ರಕ್ಷಣೆ ಇಲ್ಲ.

ಹೆಚ್ಚಿನವರು ಗಮನಿಸದೆ ಬಿಡುವುದು ಬ್ಯಾಕಪ್. ಗೂಗಲ್ ಡ್ರೈವ್‌ಗೋ ಐಕ್ಲೌಡ್‌ಗೋ ಹೋಗುವ ಪ್ರತಿಗೂ ಅದೇ ರಕ್ಷಣೆ ಬೇಕೆಂದರೆ ಅದನ್ನು ಬೇರೆಯಾಗಿ ಆನ್ ಮಾಡಬೇಕು: ಸೆಟ್ಟಿಂಗ್ಸ್, ಚಾಟ್ಸ್, ಚಾಟ್ ಬ್ಯಾಕಪ್, ಎಂಡ್-ಟು-ಎಂಡ್ ಎನ್‌ಕ್ರಿಪ್ಟೆಡ್ ಬ್ಯಾಕಪ್. 2021ರಲ್ಲಿ ಬಂದ ಸೌಲಭ್ಯ ಇದು. ಪಾಸ್‌ವರ್ಡ್ ಅಥವಾ 64 ಅಂಕಿಗಳ ಕೀ ಆರಿಸಿಕೊಳ್ಳಬಹುದು. ಕೀಯನ್ನು ಕಾಗದದ ಮೇಲೆ ಬರೆದಿಡಿ. ಫೋನೂ ಕೀಯೂ ಎರಡೂ ಕಳೆದರೆ ಹಳೆಯ ಚಾಟ್ ಮತ್ತೆ ಸಿಗುವುದಿಲ್ಲ. ಇಷ್ಟು ಮಾಡಿದರೂ ಎದುರಿನವರ ಬ್ಯಾಕಪ್ ನಿಮ್ಮ ಕೈಯಲ್ಲಿಲ್ಲ. ಅವರು ಆನ್ ಮಾಡದಿದ್ದರೆ ನಿಮ್ಮ ಮಾತಿನ ಇನ್ನೊಂದು ಪ್ರತಿ ಅಲ್ಲಿ ಹಾಗೇ ಇರುತ್ತದೆ.

ಎರಡನೆಯ ಅಪಾಯ ಮನೆಯೊಳಗಿನದು. ಒಂದು ಖಾತೆಗೆ ನಾಲ್ಕು ಸಾಧನಗಳನ್ನು ಜೋಡಿಸಬಹುದು. ನಿಮ್ಮ ಫೋನಿನ ಲಾಕ್ ಗೊತ್ತಿರುವವರಿಗೆ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಲು ಒಂದು ನಿಮಿಷ ಸಾಕು, ಆಮೇಲೆ ನಿಮ್ಮ ಚಾಟ್ ಅವರ ಕಂಪ್ಯೂಟರ್‌ನಲ್ಲೂ ತೆರೆಯುತ್ತದೆ. ನಿಮ್ಮ ಫೋನ್ ಆಫ್ ಆಗಿದ್ದರೂ ಅದು ನಡೆಯುತ್ತದೆ. ಮುಖ್ಯ ಫೋನನ್ನು 14 ದಿನ ಬಳಸದಿದ್ದರೆ ಜೋಡಣೆ ತಾನಾಗಿ ಕಳಚುತ್ತದೆ. ಆದ್ದರಿಂದ 'ಲಿಂಕ್ಡ್ ಡಿವೈಸಸ್' ಪಟ್ಟಿಯನ್ನು ಆಗಾಗ ನೋಡಿ, ಗುರುತಿಲ್ಲದ್ದನ್ನು ಲಾಗ್ ಔಟ್ ಮಾಡಿ. ಟು-ಸ್ಟೆಪ್ ವೆರಿಫಿಕೇಶನ್‌ನ ಆರಂಕಿ ಪಿನ್ ಇದನ್ನು ತಡೆಯುವುದಿಲ್ಲ. ಅದು ನಿಮ್ಮ ನಂಬರನ್ನು ಬೇರೆ ಫೋನಿನಲ್ಲಿ ನೋಂದಾಯಿಸುವವರನ್ನು ತಡೆಯಲು ಇರುವಂಥದ್ದು. ಅದೂ ಬೇಕೇ ಬೇಕು.

ಸಂಬಂಧಗಳನ್ನು ಹೆಚ್ಚು ಕೆಡಿಸುವುದು ನೀಲಿ ಟಿಕ್ ಮತ್ತು ಲಾಸ್ಟ್ ಸೀನ್. ಓದಿದ್ದು ತಿಳಿದ ಕ್ಷಣದಿಂದ ಉತ್ತರ ಬಾಕಿ ಎಂಬ ಲೆಕ್ಕ ಶುರುವಾಗುತ್ತದೆ. ಕೆಲಸದ ನಡುವೆ ನೋಡಿ ಆಮೇಲೆ ಬರೆಯೋಣ ಎಂದುಕೊಂಡವರು ಉದಾಸೀನ ಮಾಡಿದವರಂತೆ ಕಾಣುತ್ತಾರೆ. ರಾತ್ರಿ ಎಷ್ಟು ಹೊತ್ತಿಗೆ ಆನ್‌ಲೈನ್ ಇದ್ದೆ ಎಂಬ ಪ್ರಶ್ನೆಗೆ ದಂಪತಿಗಳು ಉತ್ತರ ಕೊಡುವಂತಾಗುತ್ತದೆ. ಪ್ರೈವೆಸಿಯಲ್ಲಿ ಎರಡನ್ನೂ ಆಫ್ ಮಾಡಿ. ಆಗ ಬೇರೆಯವರದ್ದೂ ನಿಮಗೆ ಕಾಣದು. ನನ್ನ ಪ್ರಕಾರ ಇದು ನಷ್ಟವಲ್ಲ, ಲಾಭ. ಆದರೆ ಗ್ರೂಪ್‌ಗಳಲ್ಲಿ ಓದಿದ ಗುರುತು ಕಳಿಸಿದವರಿಗೆ ಆಗಲೂ ಕಾಣುತ್ತದೆ, ವಾಯ್ಸ್ ಮೆಸೇಜ್ ಕೇಳಿದ್ದೂ ತಿಳಿಯುತ್ತದೆ.

ಗ್ರೂಪ್ ಬಿಟ್ಟರೆ ಈಗ ಎಲ್ಲರಿಗೂ ಸೂಚನೆ ಹೋಗುವುದಿಲ್ಲ, ಅಡ್ಮಿನ್‌ಗೆ ಮಾತ್ರ ಹೋಗುತ್ತದೆ. ಹಾಗಂತ ಗುಟ್ಟಾಗಿ ಹೊರಬಂದಂತೆ ಅಲ್ಲ: ಬಿಟ್ಟವರ ಹೆಸರು 60 ದಿನ ಸದಸ್ಯರಿಗೆ ಕಾಣುತ್ತದೆ. ನಿಮ್ಮ ಕಾಂಟ್ಯಾಕ್ಟ್‌ನಲ್ಲಿ ಇಲ್ಲದವರು ಕೇಳದೆ ಗ್ರೂಪಿಗೆ ಸೇರಿಸುವುದನ್ನು ತಡೆಯಲು ಪ್ರೈವೆಸಿ, ಗ್ರೂಪ್ಸ್, ಮೈ ಕಾಂಟ್ಯಾಕ್ಟ್ಸ್ ಆಯ್ಕೆ ಇದೆ.

ಅಳಿಸುವ ಸೌಲಭ್ಯಗಳನ್ನು ಪೂರ್ತಿ ನಂಬಬೇಡಿ. ಡಿಸಪಿಯರಿಂಗ್ ಮೆಸೇಜ್‌ಗೆ 24 ಗಂಟೆ, 7 ದಿನ, 90 ದಿನ ಎಂಬ ಆಯ್ಕೆಗಳಿವೆ. ಅಷ್ಟರೊಳಗೆ ಎದುರಿನವರು ಅದನ್ನು ಫಾರ್ವರ್ಡ್ ಮಾಡಬಹುದು, ಸ್ಕ್ರೀನ್‌ಶಾಟ್ ತೆಗೆಯಬಹುದು. 'ವ್ಯೂ ಒನ್ಸ್' ಚಿತ್ರಕ್ಕೆ ಸ್ಕ್ರೀನ್‌ಶಾಟ್ ತಡೆ ಇದೆ, ಪಕ್ಕದಲ್ಲಿ ಹಿಡಿದ ಇನ್ನೊಂದು ಕ್ಯಾಮೆರಾಗೆ ಇಲ್ಲ.