ಸಿ4, ಕುದುರೆ ಎಫ್3, ಬಿ3: ಟೂರ್ನಿಗೆ ಯಾವುದು ವಾಸಿ?

ಚೆಸ್‌ನಲ್ಲಿ ಮೊದಲ ನಡೆಯಲ್ಲೇ ಇ4 ಇಟ್ಟು ಜಗಳಕ್ಕೆ ನಿಲ್ಲುವುದು ನನ್ನ ಜಾಯಮಾನವಲ್ಲ. (ಅಕ್ಷರ, ಅಂಕಿ ಸೇರಿದರೆ ಚೌಕದ ಹೆಸರು; ಕಾಯಿಯ ಹೆಸರಿಲ್ಲದಿದ್ದರೆ ಅದು ಪಾನ್, ಅಂದರೆ ಕಾಲಾಳಿನ ನಡೆ.) ಬಿಳಿ ಕಾಯಿ ಬಂದಾಗ ನಡುವಿನ ಚೌಕಗಳನ್ನು ಎದುರಾಳಿಗೆ ಬಿಟ್ಟು, ಪಕ್ಕದಿಂದ ಒತ್ತುವ ಮೂರು ಓಪನಿಂಗ್‌ಗಳನ್ನು (ಆಟ ಆರಂಭಿಸುವ ನಡೆಗಳ ಕ್ರಮ) ಟೂರ್ನಿಗಳಲ್ಲಿ ಆಡಿ ನೋಡಿದ್ದೇನೆ.

ಬಿ3ಕ್ಕೆ ಓದು ಕಡಿಮೆ ಸಾಕು. ರ‍್ಯಾಪಿಡ್ ಆಟದಲ್ಲಿ ಎದುರಾಳಿ ತಬ್ಬಿಬ್ಬಾಗುವುದೂ ಉಂಟು. ಸಮಯ ಧಾರಾಳವಾಗಿರುವ ಕ್ಲಾಸಿಕಲ್‌ನಲ್ಲಿ ಮಾತ್ರ ಕಪ್ಪು ಇ5, ಡಿ5 ಎರಡನ್ನೂ ಇಟ್ಟು ನೆಮ್ಮದಿಯಾಗಿ ಕೂರುತ್ತದೆ. ಈ ಓಪನಿಂಗ್‌ಗೆ ತನ್ನ ಹೆಸರನ್ನೇ ಕೊಟ್ಟ ಡೆನ್ಮಾರ್ಕ್‌ನ ಆಟಗಾರ ಲಾರ್ಸನ್ 1970ರಲ್ಲಿ ಬೆಲ್‌ಗ್ರೇಡ್‌ನಲ್ಲಿ ಆಗಿನ ವಿಶ್ವ ಚಾಂಪಿಯನ್ ಸ್ಪಾಸ್ಕಿ ಎದುರು 17 ನಡೆಗಳಲ್ಲಿ ಸೋತರು. ಸ್ಪಾಸ್ಕಿ ಎಚ್1ರಲ್ಲಿ ಆನೆಯನ್ನೇ ಬಲಿಕೊಟ್ಟು ಪಾನ್ ಒಂದನ್ನು ಒಳಗೆ ನುಗ್ಗಿಸಿದ್ದರು. ತಪ್ಪು ಬಿ3ದಲ್ಲ, ಆಮೇಲೆ ಆಡಿದ ಎಫ್4ದು ಎನ್ನಬಹುದು. ಆದರೂ ಆ ಆಟ ನೋಡಿದವರಿಗೆ ಕೈ ನಡುಗದೇ ಇರದು.

ರೇಟಿ ಓಪನಿಂಗ್, ಅಂದರೆ ಕುದುರೆ ಎಫ್3, ಹೆಚ್ಚು ಜಾಣ ನಡೆ: ಇ5ಕ್ಕೆ ಅವಕಾಶವನ್ನೇ ಕೊಡುವುದಿಲ್ಲ. 1924ರ ನ್ಯೂಯಾರ್ಕ್ ಟೂರ್ನಿಯಲ್ಲಿ ಅದೇ ಹೆಸರಿನ ಆಟಗಾರ ರೇಟಿ ಹೀಗೆಯೇ ಆರಂಭಿಸಿ, ಎಂಟು ವರ್ಷ ಸೋಲನ್ನೇ ಕಾಣದ ಆಗಿನ ವಿಶ್ವ ಚಾಂಪಿಯನ್ ಕಾಪಾಬ್ಲಾಂಕಾ ಅವರನ್ನು ಮಣಿಸಿದರು. ನನ್ನ ತಕರಾರು ಒಂದೇ: ಡಿ5, ಸಿ4 ಆದ ಮೇಲೆ ಕಪ್ಪು ಪಾನ್ ಡಿ4ಕ್ಕೆ ಬಂದು ನಿಂತರೆ ನನ್ನ ಇನ್ನೊಂದು ಕುದುರೆಗೆ ಸಿ3ರ ದಾರಿ ಬಂದ್. 2024ರಲ್ಲಿ ಸಿಂಗಪುರದ ವಿಶ್ವ ಚಾಂಪಿಯನ್‌ಷಿಪ್ ಪಂದ್ಯದ 11ನೇ ಆಟದಲ್ಲಿ ಗುಕೇಶ್ ಅಲ್ಲಿಯೇ ಬಿ4 ತಳ್ಳಿ ಡಿಂಗ್ ಅವರನ್ನು 29 ನಡೆಗಳಲ್ಲಿ ಸೋಲಿಸಿದರು. ಅಷ್ಟು ಸಿದ್ಧತೆ ನನ್ನ ಹತ್ತಿರ ಎಲ್ಲಿಂದ ಬರಬೇಕು?

ಮರುದಿನವೇ ಡಿಂಗ್ ಸಿ4 ಆಡಿ ಸೇಡು ತೀರಿಸಿಕೊಂಡರು. 1987ರಲ್ಲಿ ಸೆವಿಲ್‌ನ ವಿಶ್ವ ಚಾಂಪಿಯನ್‌ಷಿಪ್ ಪಂದ್ಯದ ಕೊನೆಯ ಆಟವನ್ನು ಗೆಲ್ಲಲೇಬೇಕಿದ್ದ ಕಾಸ್ಪರೋವ್ ನಂಬಿದ್ದೂ ಇದೇ ನಡೆಯನ್ನು. ನನ್ನ ಒಲವೂ ಇದರ ಕಡೆಗೇ. ಕ್ಲಬ್ ಮಟ್ಟದ ಎದುರಾಳಿಗಳು ಬಹುಪಾಲು ಇ5, ಆಮೇಲೆ ಡಿ5 ಆಡುತ್ತಾರೆ. ಪಾನ್ ವಿನಿಮಯವಾಗಿ ಅವರ ಕುದುರೆ ಬಿ6ಕ್ಕೆ ಸರಿಯುತ್ತದೆ. ಅಲ್ಲಿ ಅದಕ್ಕೆ ಹೇಳಿಕೊಳ್ಳುವಂಥ ಕೆಲಸವಿಲ್ಲ. ನಾನು ಎ3, ಆನೆ ಬಿ1, ಬಿ4 ಎಂದು ಆತುರವಿಲ್ಲದೆ ಏರುತ್ತೇನೆ. ಬಿ5 ಬಂದಾಗ ಸಿ6ರಲ್ಲಿರುವ ಅವರ ಇನ್ನೊಂದು ಕುದುರೆ ಜಾಗ ಖಾಲಿ ಮಾಡಬೇಕು, ಇ5ರ ಪಾನ್ ಕಾವಲು ಕಳೆದುಕೊಳ್ಳುತ್ತದೆ. ಎಫ್3ರಲ್ಲಿರುವ ನನ್ನ ಕುದುರೆ ಅದನ್ನು ಕಬಳಿಸಿದ ಕ್ಷಣ, ಅದರ ಹಿಂದೆ ಜಿ2ರಲ್ಲಿ ಅಡಗಿದ್ದ ಬಿಷಪ್‌ಗೆ ಬಿ7ರವರೆಗೂ ದಾರಿ ತೆರೆಯುತ್ತದೆ. ಒಂದೇ ನಡೆಯಲ್ಲಿ ಎರಡು ಪೆಟ್ಟು.

ಸಿ4ಕ್ಕೆ ಸಿ5 ಎಂದೇ ಉತ್ತರ ಬಂದರೆ ಮಾತ್ರ ಆಟ ಕನ್ನಡಿ ಹಿಡಿದಂತೆ ಸಾಗುತ್ತದೆ. ಆಗ ಡ್ರಾ ಆದರೂ ನನಗೆ ಬೇಸರವಿಲ್ಲ.