ಸ್ವಂತ ದಾರಿಗೆ ಕಾಂಕ್ರೀಟು ಹಾಕಿಸುವ ಮೊದಲು ಕಾಗದವನ್ನು ಓದಿಸಿಕೊಳ್ಳಿ

ಮಂಜೇಶ್ವರಕ್ಕೂ ಕಾಸರಗೋಡಿಗೂ ನಡುವಿನ ಒಂದು ರೈಲು ನಿಲ್ದಾಣದ ಬಳಿ ನಮ್ಮ ಮನೆಯಿದೆ. ನಿಲ್ದಾಣದ ರಸ್ತೆಯಿಂದ ನಮ್ಮ ಅಂಗಳದವರೆಗಿನ ದಾರಿಯನ್ನು ಐದು ಮನೆಯವರು ತಂತಮ್ಮ ತೋಟದ ಅಂಚಿನಲ್ಲಿ ಜಾಗ ಬಿಟ್ಟು, ಎರಡೂ ಬದಿಗೆ ಮುರಕಲ್ಲು ಕಟ್ಟಿ ಮಾಡಿಕೊಂಡಿದ್ದೆವು. ಅಗಲ ಮೂರು ಮೀಟರ್. ಒಂದು ಕಾರು ನಿಂತರೆ ಇನ್ನೊಂದು ದಾಟದು.

ಬೆಳಗಿನ ರೈಲಿನಲ್ಲಿ ಮಂಗಳೂರಿಗೆ ಕೆಲಸಕ್ಕೆ ಹೋಗುವವರು ಅಲ್ಲಿ ಕಾರು ಬಿಟ್ಟುಹೋಗುವುದು ಮೊದಲಿನಿಂದಲೂ ಇತ್ತು. ಆಗ ನಮ್ಮ ಜಾಗವೆಂದು ಹೇಳಿದರೆ ಮರುಮಾತಿಲ್ಲದೆ ತೆಗೆಯುತ್ತಿದ್ದರು. ಮಳೆಗಾಲದ ಕೆಸರಿಗೆ ಬೇಸತ್ತು ನಾವು ಕಾಂಕ್ರೀಟು ಹಾಕಿಸಿಕೊಡುವಂತೆ ಪಂಚಾಯತನ್ನು ಕೇಳಿಕೊಂಡೆವು. ಕೆಲಸಕ್ಕೆ ಮೊದಲು ಪೂರ್ತಿ ಮಲಯಾಳದಲ್ಲಿದ್ದ ಒಂದು ಕಾಗದ ಬಂತು. ನಮ್ಮಲ್ಲಿ ಮಲಯಾಳ ಮಾತನಾಡುವವರಿದ್ದರೂ ಓದಬಲ್ಲವರಿರಲಿಲ್ಲ. ಕೆಲಸಕ್ಕೆ ಒಪ್ಪಿಗೆಯ ಪತ್ರವೆಂದು ತಂದವರು ಹೇಳಿದ್ದನ್ನು ನಂಬಿ, ಗೇಟಿನ ಕಂಬದ ಮೇಲಿಟ್ಟು ಐದೂ ಮನೆಯವರು ಸಹಿ ಹಾಕಿದೆವು. ಅದು ದಾರಿಯ ಜಾಗವನ್ನೇ ಸಾರ್ವಜನಿಕ ಉಪಯೋಗಕ್ಕಾಗಿ ಪಂಚಾಯತಿಗೆ ಬಿಟ್ಟುಕೊಡುವ ಪತ್ರವಾಗಿತ್ತು. ಸರಕಾರದ ಹಣವನ್ನು ಖಾಸಗಿ ದಾರಿಗೆ ಹಾಕಲಾಗದೆಂಬುದು ನ್ಯಾಯವೇ. ಆದರೆ ಇನ್ನು ಮುಂದೆ ಈ ದಾರಿ ಪಂಚಾಯತಿನ ಆಸ್ತಿ ರಿಜಿಸ್ಟರಿಗೆ ಸೇರುತ್ತದೆಂದು ಯಾರೂ ಬಿಡಿಸಿ ಹೇಳಲಿಲ್ಲ, ನಾವೂ ಕೇಳಲಿಲ್ಲ.

ನೆಲ ಗಟ್ಟಿಯಾದ ಮೇಲೆ ಕಾರುಗಳು ಹೆಚ್ಚಿದವು. ತಂದೆಯವರನ್ನು ಡಯಾಲಿಸಿಸ್‌ಗೆ ಕರೆದೊಯ್ಯಬೇಕಿದ್ದ ಒಂದು ಬೆಳಿಗ್ಗೆ ನಮ್ಮ ಗೇಟಿಗೇ ಅಡ್ಡಲಾಗಿ ಒಂದು ಬಿಳಿ ಕಾರು ನಿಂತಿತ್ತು. ಗಾಜಿನೊಳಗಿನ ಚೀಟಿಯಲ್ಲಿದ್ದ ನಂಬರಿಗೆ ಕರೆ ಮಾಡಿದಾಗ ಅದರ ಮಾಲಿಕರ ರೈಲು ಉಳ್ಳಾಲ ದಾಟಿತ್ತು. "ಸಂಜೆ ಏಳಕ್ಕೆ ಬರುತ್ತೇನೆ, ಅದು ಪಂಚಾಯತ್ ರಸ್ತೆಯಲ್ಲವೇ" ಎಂದರು. ತಂದೆಯವರನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿದೆವು. ಕಾರಿಗೂ ಕಲ್ಲಿನ ಗೋಡೆಗೂ ನಡುವಿನ ಸಂದಿಯಲ್ಲಿ ಕುರ್ಚಿ ಹಿಡಿಸಲಿಲ್ಲ. ಕೊನೆಗೆ ನಾಲ್ಕು ಜನ ಅದನ್ನು ಬಾನೆಟ್ಟಿಗಿಂತ ಮೇಲಕ್ಕೆತ್ತಿ ದಾಟಿಸಿ, ಆಟೋ ಹತ್ತಿಸಿದೆವು. ದಾರಿಯುದ್ದಕ್ಕೂ ಅವರು ಎರಡು ಕೈಯಲ್ಲಿ ನನ್ನ ಭುಜವನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದರು.

ಈಗ ಅಲ್ಲಿ ನಾವು ಸರಪಳಿ ಕಟ್ಟುವಂತಿಲ್ಲ; ಕಟ್ಟಿದರೆ ಸಾರ್ವಜನಿಕ ದಾರಿಗೆ ತಡೆಯೊಡ್ಡಿದ ತಪ್ಪು ನಮ್ಮದಾಗುತ್ತದೆ. ಸಿಟ್ಟಿನಲ್ಲಿ ಟಯರಿನ ಗಾಳಿ ತೆಗೆಯುವುದಂತೂ ಬೇಡ. ನೆರೆಮನೆಯ ಹುಡುಗ ಹಾಗೆ ಮಾಡಿ, ಠಾಣೆಯಲ್ಲಿ ನಾವೇ ಕೈಕಟ್ಟಿ ನಿಲ್ಲುವಂತಾಯಿತು. ಉಳಿದಿರುವ ಆಸರೆ 1988ರ ಮೋಟಾರು ವಾಹನ ಕಾಯ್ದೆ: ಸಾರ್ವಜನಿಕ ಸ್ಥಳದಲ್ಲಿ ಇತರರಿಗೆ ಅಡಚಣೆಯಾಗುವಂತೆ ವಾಹನ ಬಿಡುವುದನ್ನು ಅದರ 122ನೇ ಕಲಮು ನಿಷೇಧಿಸುತ್ತದೆ, ಹತ್ತು ಗಂಟೆ ಅಥವಾ ಹೆಚ್ಚು ಹೊತ್ತು ಹಾಗೆಯೇ ಬಿಟ್ಟ ವಾಹನವನ್ನು ತೆರವುಗೊಳಿಸಲು 127ನೇ ಕಲಮಿನಂತೆ ಪೊಲೀಸರಿಗೆ ಅಧಿಕಾರವಿದೆ. ಆದ್ದರಿಂದ ಕಾರು ನಿಂತ ಹೊತ್ತು ತಿಳಿಯುವಂತೆ ಬೆಳಿಗ್ಗೆಯೂ ಸಂಜೆಯೂ ಫೋಟೋ ತೆಗೆದು ಲಿಖಿತ ದೂರಿನ ಜೊತೆ ಕೊಡುತ್ತಿದ್ದೇವೆ.

ಇಂಥ ಕಾಗದ ನಿಮ್ಮ ಮನೆಗೂ ಬಂದರೆ ದಯವಿಟ್ಟು ಅಂದೇ ಸಹಿ ಹಾಕಬೇಡಿ. ಕೇರಳದ 1969ರ ಆಡಳಿತ ಭಾಷಾ ಶಾಸನವು ಇಲ್ಲಿನ ಕನ್ನಡಿಗರಿಗೆ ಸ್ಥಳೀಯ ಸರಕಾರಿ ಕಚೇರಿಗಳೊಡನೆ ಕನ್ನಡದಲ್ಲೇ ವ್ಯವಹರಿಸಿ, ಕನ್ನಡದಲ್ಲೇ ಉತ್ತರ ಪಡೆಯುವ ಹಕ್ಕನ್ನು ಕೊಟ್ಟಿದೆ. ಪತ್ರದ ಒಕ್ಕಣೆಯನ್ನು ಕನ್ನಡದಲ್ಲಿ ಬರೆದುಕೊಡುವಂತೆ ಕೇಳಿ, ವಕೀಲರಿಗೆ ತೋರಿಸಿ. ದಾರಿಯನ್ನು ನಿಮ್ಮದಾಗಿಯೇ ಉಳಿಸಿಕೊಳ್ಳುವ ಮನಸ್ಸಿದ್ದರೆ ಮನೆಯವರೇ ಹಣ ಕೂಡಿಸಿ ಕಾಂಕ್ರೀಟು ಹಾಕಿಸಿ. ನಾವು ಸಹಿ ಹಾಕಿದ ಪತ್ರದ ಕನ್ನಡ ಪ್ರತಿಗಾಗಿ ಕೊಟ್ಟ ಅರ್ಜಿ ಈಗ ಪಂಚಾಯತಿನಲ್ಲಿದೆ.